ಪಶುವೈದ್ಯರ ನಿರಂತರ ಶಿಕ್ಷಣ: ಪ್ರಾಣಿಗಳ ಕಣ್ಣಿನ ರೋಗನಿರ್ಣಯ ಮತ್ತು ನಮ್ಮ ಲೆಕ್ಕಪತ್ರ

ನಮ್ಮ ಸದಸ್ಯರಲ್ಲಿ ಡೈರಿ ನಡೆಸುವವರು, ಪಶು ಆಹಾರ ತಯಾರಕರು, ಪಶು ಔಷಧಗಳ ವಿತರಕರು ಮತ್ತು ವೈದ್ಯಕೀಯ ಉಪಕರಣಗಳ ಸಣ್ಣ ತಯಾರಕರು ಇದ್ದಾರೆ. ಪಶುವೈದ್ಯರು ಪದವಿಯ ನಂತರವೂ ಕಲಿಯುತ್ತಿದ್ದಾರೆಯೇ ಎಂಬ ಪ್ರಶ್ನೆ ಇವರೆಲ್ಲರ ಲಾಭನಷ್ಟಗಳಿಗೆ ಸಂಬಂಧಿಸಿದ್ದು. ಕಣ್ಣಿನ ರೋಗಗಳ ವಿಷಯದಲ್ಲಂತೂ ಈ ಸಂಬಂಧ ಬಹಳ ನೇರವಾಗಿದೆ. ಇಲ್ಲಿ ತಪ್ಪು ನಿರ್ಣಯದ ಫಲ ತಿಂಗಳುಗಳ ನಂತರವಲ್ಲ, ಕೆಲವೇ ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ.

ನಮ್ಮ ದೇಶದಲ್ಲಿ ಪಶುವೈದ್ಯ ಪದವಿಯು ಒಂದು ವರ್ಷದ ಇಂಟರ್ನ್‌ಷಿಪ್ ಸೇರಿ ಐದೂವರೆ ವರ್ಷಗಳ ವ್ಯಾಸಂಗ. ಹಸು, ಎಮ್ಮೆ, ಕುರಿ, ಕುದುರೆ, ನಾಯಿ, ಕೋಳಿ ಎಲ್ಲವನ್ನೂ ಈ ಅವಧಿಯಲ್ಲಿಯೇ ಕಲಿಯಬೇಕು. ನೇತ್ರಚಿಕಿತ್ಸೆಯು ಶಸ್ತ್ರಚಿಕಿತ್ಸಾ ವಿಭಾಗದ ಪಾಠಗಳ ಒಂದು ಭಾಗವಾಗಿ ಬರುತ್ತದೆ. ಮನುಷ್ಯರ ವೈದ್ಯರಿಗೆ ಕಣ್ಣಿನ ತಜ್ಞರ ಬಳಿಗೆ ಚೀಟಿ ಬರೆದು ಕಳುಹಿಸುವ ಅನುಕೂಲವಿದೆ. ತಾಲ್ಲೂಕಿನ ಪಶುವೈದ್ಯರಿಗೆ ಆ ಅನುಕೂಲವಿಲ್ಲ. ಕಣ್ಣಿನ ವೈದ್ಯರೂ ಅವರೇ, ಹೆರಿಗೆಯ ವೈದ್ಯರೂ ಅವರೇ.

ಕೆಂಪುಗಣ್ಣಿನ ಹಿಂದೆ ಏನಿದೆ?

ಪ್ರಾಣಿಯ ಕಣ್ಣು ಕೆಂಪಾಗಿ ನೀರು ಸುರಿಯುತ್ತಿದ್ದರೆ ನಾವು ಅದಕ್ಕೆ 'ಕಣ್ಣುಬೇನೆ' ಎಂಬ ಒಂದೇ ಹೆಸರು ಕೊಡುತ್ತೇವೆ. ಆದರೆ ಅದು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ಮೇಲಿನ ಹುಣ್ಣಾಗಿರಬಹುದು, ಕಣ್ಣಿನೊಳಗಿನ ಉರಿಯೂತವಾಗಿರಬಹುದು, ಕಣ್ಣೊಳಗಿನ ಒತ್ತಡ ಏರುವ ಗ್ಲಾಕೋಮಾ ಆಗಿರಬಹುದು ಅಥವಾ ಕಣ್ಣೀರಿನ ಕೊರತೆಯೂ ಆಗಿರಬಹುದು. ಹೊರಗಿನಿಂದ ನೋಡಿದರೆ ನಾಲ್ಕೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಚಿಕಿತ್ಸೆಗಳು ಮಾತ್ರ ಬೇರೆ ಬೇರೆ, ಕೆಲವೊಮ್ಮೆ ಪರಸ್ಪರ ವಿರುದ್ಧ. ಕಣ್ಣೊಳಗಿನ ಉರಿಯೂತಕ್ಕೆ ಸ್ಟೀರಾಯ್ಡ್ ಹನಿ ಬೇಕಾಗುತ್ತದೆ. ಅದೇ ಹನಿಯನ್ನು ಹುಣ್ಣಿರುವ ಕಾರ್ನಿಯಾಕ್ಕೆ ಹಾಕಿದರೆ ಹುಣ್ಣು ಮಾಯುವುದು ನಿಂತು ಆಳವಾಗುತ್ತದೆ. ಕೊನೆಗೆ ಕಾರ್ನಿಯಾ ತೂತು ಬಿದ್ದು ಕಣ್ಣು ಹೋಗಬಹುದು. ಆಂಟಿಬಯಾಟಿಕ್ ಮತ್ತು ಸ್ಟೀರಾಯ್ಡ್ ಎರಡೂ ಸೇರಿದ ಹನಿಯನ್ನು 'ಎಲ್ಲಕ್ಕೂ ಆಗುತ್ತದೆ' ಎಂದು ಕೊಡುವ ಅಭ್ಯಾಸ ಅಪಾಯಕರವಾಗಿರುವುದು ಈ ಕಾರಣದಿಂದಲೇ. ವಿತರಕ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು.

ಈ ಗೊಂದಲವನ್ನು ಬಿಡಿಸುವ ಪರೀಕ್ಷೆಗಳು ದುಬಾರಿಯವೇನಲ್ಲ. ಮೊದಲನೆಯದು ಷಿರ್ಮರ್ ಪರೀಕ್ಷೆ. ಕೆಳರೆಪ್ಪೆಯೊಳಗೆ ಕಾಗದದ ಪಟ್ಟಿಯನ್ನಿಟ್ಟು ಒಂದು ನಿಮಿಷದಲ್ಲಿ ಕಣ್ಣೀರು ಎಷ್ಟು ದೂರ ಹರಿಯಿತೆಂದು ಅಳೆಯುವುದು. ನಾಯಿಯಲ್ಲಿ 15 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಸಹಜ. 10ಕ್ಕಿಂತ ಕಡಿಮೆಯಾದರೆ ಒಣಗಣ್ಣಿನ ಸಂಶಯ ಬಲವಾಗುತ್ತದೆ. ಎರಡನೆಯದು ಫ್ಲೋರೆಸಿನ್ ಬಣ್ಣದ ಪರೀಕ್ಷೆ. ಕಾರ್ನಿಯಾದ ಮೇಲ್ಪದರ ಕಿತ್ತುಹೋದ ಜಾಗ ಹಸಿರಾಗಿ ಹೊಳೆಯುತ್ತದೆ. ಮೂರನೆಯದು ಟೊನೊಮೀಟರಿನಿಂದ ಕಣ್ಣಿನ ಒತ್ತಡವನ್ನು ಅಳೆಯುವುದು. ನಾಯಿಯಲ್ಲಿ ಸುಮಾರು 10ರಿಂದ 25 ಮಿ.ಮೀ. ಪಾದರಸ ಸಹಜ. ಅನುಕ್ರಮವೂ ಮುಖ್ಯ. ಬೇರೆ ಯಾವುದೇ ಹನಿಯನ್ನು ಮೊದಲೇ ಹಾಕಿದರೆ ಕಣ್ಣೀರಿನ ಅಳತೆ ಕೆಡುತ್ತದೆ.

ಪುಸ್ತಕದಿಂದಷ್ಟೇ ಬಾರದ ಸೂಕ್ಷ್ಮಗಳು ಇಲ್ಲಿವೆ. ಹುಣ್ಣು ಕಾರ್ನಿಯಾದ ಕೊಟ್ಟಕೊನೆಯ ಪದರವನ್ನು ತಲುಪಿದಾಗ ಆ ಪದರ ಬಣ್ಣವನ್ನು ಹೀರುವುದಿಲ್ಲ; ಅಂಚು ಮಾತ್ರ ಹಸಿರು, ನಡುಭಾಗ ಸ್ವಚ್ಛ. ಅನುಭವವಿಲ್ಲದವರು ನಡುಭಾಗ ಮಾಯ್ದಿದೆಯೆಂದು ತಿಳಿಯಬಹುದು. ವಾಸ್ತವದಲ್ಲಿ ಅದು ಒಡೆಯುವ ಹಂತದಲ್ಲಿರುವ ಕಣ್ಣು. ಹಾಗೆಯೇ, ದೃಷ್ಟಿಯಿದೆಯೇ ಎಂದು ನೋಡಲು ಕಣ್ಣಿನ ಮುಂದೆ ಕೈಯಾಡಿಸುವಾಗ ಗಾಳಿ ತಾಗಿದರೆ ಕುರುಡು ಪ್ರಾಣಿಯೂ ರೆಪ್ಪೆ ಬಡಿಯುತ್ತದೆ.

ಹಟ್ಟಿಯಲ್ಲಿ ಕಾಣುವ ರೋಗಗಳು

ದನಗಳಲ್ಲಿ ಮೊರಾಕ್ಸೆಲ್ಲಾ ಬೋವಿಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಸಾಂಕ್ರಾಮಿಕ ಕಣ್ಣುಬೇನೆ ನೊಣಗಳ ಮೂಲಕ ಹಟ್ಟಿಯಿಡೀ ಹರಡುತ್ತದೆ. ಧೂಳು ಮತ್ತು ಬಿರುಬಿಸಿಲು ಅದಕ್ಕೆ ಸಹಾಯಕ. ಥೆಲೇಜಿಯಾ ಹುಳುಗಳನ್ನು ತರುವುದೂ ನೊಣಗಳೇ. ಇವು ಮೂರನೆಯ ರೆಪ್ಪೆಯ ಕೆಳಗೆ ಅಡಗಿರುವುದರಿಂದ ಆ ರೆಪ್ಪೆಯನ್ನು ಎತ್ತಿ ನೋಡದ ಹೊರತು ಕಾಣುವುದಿಲ್ಲ. ಹನಿ ಹಾಕುತ್ತಲೇ ಇರುತ್ತಾರೆ, ಹುಳುಗಳು ಅಲ್ಲಿಯೇ ಇರುತ್ತವೆ. ಕುದುರೆಯ ಕಣ್ಣಿನೊಳಗೆ ಬಿಳಿಯ ದಾರದಂತೆ ಹರಿದಾಡುವ ಸೆಟೇರಿಯಾ ಹುಳುವಿನದು ಇನ್ನೊಂದು ಕಥೆ. ದನದ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಉಪದ್ರವವಿಲ್ಲದೆ ಬದುಕುವ ಈ ಹುಳುವಿನ ಮರಿಗಳನ್ನು ಸೊಳ್ಳೆಗಳು ಕುದುರೆಗೆ ದಾಟಿಸುತ್ತವೆ. ಅಲ್ಲಿ ದಾರಿತಪ್ಪಿ ಕಣ್ಣು ಸೇರಿದ ಹುಳುವನ್ನು ಶಸ್ತ್ರಕ್ರಿಯೆಯಿಂದ ಹೊರತೆಗೆಯಬೇಕಾಗುತ್ತದೆ.

ಬರಗಾಲದಲ್ಲಿ ಹಸಿಮೇವಿಲ್ಲದೆ ಒಣಹುಲ್ಲಿನ ಮೇಲೆಯೇ ಸಾಕಿದ ದನಗಳಿಗೆ 'ಎ' ಜೀವಸತ್ವದ ಕೊರತೆಯಿಂದ ಇರುಳುಗುರುಡು ಬರುತ್ತದೆ. ಬೆಳೆಯುವ ಕರುಗಳಲ್ಲಿ ಕಣ್ಣಿನ ನರ ಹಾದುಹೋಗುವ ಮೂಳೆಯ ರಂಧ್ರ ಕಿರಿದಾಗಿ ನರವೇ ನಲುಗಿದರೆ ಆ ಕುರುಡು ಮರಳಿ ಸರಿಯಾಗುವುದಿಲ್ಲ. ಪಶು ಆಹಾರ ತಯಾರಕರು ಜೀವಸತ್ವದ ಮಿಶ್ರಣದಲ್ಲಿ ಮಾಡುವ ಉಳಿತಾಯ ಯಾರ ಖಾತೆಗೆ ಖರ್ಚಾಗಿ ಬೀಳುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎಂತಹ ತರಬೇತಿ?

ಬ್ರಿಟನ್ನಿನ ಪಶುವೈದ್ಯರ ರಾಯಲ್ ಕಾಲೇಜು 2020ರಿಂದ ಪ್ರತಿ ಪಶುವೈದ್ಯರಿಗೂ ವರ್ಷಕ್ಕೆ 35 ಗಂಟೆಗಳ ಕಲಿಕೆಯನ್ನು ನಿಗದಿಪಡಿಸಿದೆ. ವೃತ್ತಿನಿರತ ಚಾರ್ಟರ್ಡ್ ಅಕೌಂಟೆಂಟರಿಗೂ ಮೂರು ವರ್ಷಗಳಿಗೆ 120 ಗಂಟೆಗಳ ನಿಯಮವಿದೆ. ಆ ನಿಯಮದಡಿಯಲ್ಲಿ ಹಲವು ವರ್ಷ ಕುಳಿತೆದ್ದವನಾಗಿ ಹೇಳುವುದಾದರೆ, ಗಂಟೆಗಳನ್ನು ಎಣಿಸುವುದು ಸುಲಭ. ಹಾಜರಿ ಪುಸ್ತಕದ ಸಹಿಯೇ ಕಲಿಕೆಯಲ್ಲ. ಊಟಕ್ಕೆ ಮುನ್ನ ಎರಡು ಉಪನ್ಯಾಸ, ನಂತರ ಔಷಧ ಕಂಪನಿಯ ಚಿತ್ರಪ್ರದರ್ಶನ ಎಂಬ ಮಾದರಿಯಿಂದ ಕಾರ್ನಿಯಾ ಹುಣ್ಣನ್ನು ಗುರುತಿಸುವ ಕೈ ಬರುವುದಿಲ್ಲ. ಕಸಾಯಿಖಾನೆಯಿಂದ ತಂದ ಕಣ್ಣುಗಳ ಮೇಲೆ ಹೊಲಿಗೆಯ ಅಭ್ಯಾಸ, ಜೀವಂತ ಪ್ರಾಣಿಗಳಲ್ಲಿ ಪರೀಕ್ಷೆ, ಒಂದೆರಡು ತಿಂಗಳ ನಂತರ ತಾವೇ ನೋಡಿದ ರೋಗಿಗಳ ಛಾಯಾಚಿತ್ರಗಳೊಂದಿಗೆ ಮತ್ತೊಮ್ಮೆ ಕೂಡುವುದು: ಹಣ ಕೊಡುವುದಾದರೆ ಇಂತಹದಕ್ಕೆ ಕೊಡಬೇಕು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವಾಗಲಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಾಗಲಿ, ನಮ್ಮ ರಾಜ್ಯದಲ್ಲಿ ಇಂತಹ ಶಿಬಿರಕ್ಕಾಗಿ ಸದಸ್ಯರು ಮೊದಲು ಸಂಪರ್ಕಿಸಬಹುದಾದ ಸಂಸ್ಥೆಗಳು.

ತೆರಿಗೆಯ ಅಂಶಗಳು

ಪ್ರಾಣಿಗಳ ಆರೋಗ್ಯ ಸೇವೆ ನೀಡುವ ಪಶುಚಿಕಿತ್ಸಾಲಯಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಖಾಸಗಿ ಸಂಸ್ಥೆಯು ಶುಲ್ಕ ಪಡೆದು ನಡೆಸುವ ಅಲ್ಪಾವಧಿ ತರಬೇತಿಗೆ ಆ ವಿನಾಯಿತಿ ಅನ್ವಯಿಸದು, ಸಾಮಾನ್ಯವಾಗಿ ಶೇ. 18ರಷ್ಟು ತೆರಿಗೆ ಬೀಳುತ್ತದೆ. ವಿನಾಯಿತಿ ಪಡೆದ ಚಿಕಿತ್ಸಾಲಯಕ್ಕೆ ಹೂಡುವಳಿ ತೆರಿಗೆಯ ಜಮೆ ಸಿಗುವುದಿಲ್ಲವಾದ್ದರಿಂದ ಉಪಕರಣದ ಮೇಲಿನ ತೆರಿಗೆಯೆಲ್ಲವೂ ಅದರ ಅಸಲು ವೆಚ್ಚವೇ. ಟೊನೊಮೀಟರಿನಂತಹ ಕಣ್ಣಿನ ಉಪಕರಣಗಳು ಬರುವ 9018ನೆಯ ಶೀರ್ಷಿಕೆಯಡಿ ದರವು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಕೊಳ್ಳುವವರಿಗೆ ಇದು ಉಳಿತಾಯ. ತಯಾರಕರಿಗೆ ಮಾತ್ರ ಬೇರೊಂದು ಚಿಂತೆ: ಬಿಡಿಭಾಗಗಳಿಗೆ ಶೇ. 18 ಕೊಟ್ಟು ಮಾರಾಟದಲ್ಲಿ ಶೇ. 5 ವಸೂಲು ಮಾಡಿದರೆ ಜಮೆ ಕೂಡಿಬೀಳುತ್ತದೆ. ಅದರ ಮರುಪಾವತಿಗೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 54(3)ನೆಯ ಕಲಮಿನಡಿ ಅರ್ಜಿ ಹಾಕಬಹುದು; ಆದರೆ ಸೇವೆಗಳ ಮೇಲೆ ಮತ್ತು ಯಂತ್ರೋಪಕರಣಗಳ ಮೇಲೆ ಕೊಟ್ಟ ತೆರಿಗೆ ಈ ಲೆಕ್ಕಕ್ಕೆ ಬರುವುದಿಲ್ಲ.

ಖಾಸಗಿ ವೃತ್ತಿಯ ಪಶುವೈದ್ಯರ ತರಬೇತಿ ಅಥವಾ ಪ್ರಯಾಣದ ಖರ್ಚನ್ನು ಭರಿಸುವ ವಿತರಕರು ಮೂಲದಲ್ಲಿ ತೆರಿಗೆ ಕಡಿತವನ್ನು ಮರೆಯಬಾರದು. 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿಸಲಾದ 194ಆರ್ ಕಲಮು 2022ರ ಜುಲೈ 1ರಂದು ಜಾರಿಗೆ ಬಂದಿತು. ಒಬ್ಬರಿಗೆ ವರ್ಷದಲ್ಲಿ 20,000 ರೂಪಾಯಿ ಮೀರಿದ ಪ್ರಯೋಜನಕ್ಕೆ ಶೇ. 10 ಕಡಿತವನ್ನು ಅದು ವಿಧಿಸಿತು.

ಕೊನೆಯದಾಗಿ ಡೈರಿ ಮತ್ತು ಕುದುರೆ ಶಾಲೆಗಳ ಮಾಲೀಕರಿಗೆ. ದಾಸ್ತಾನಲ್ಲದೆ ವ್ಯವಹಾರಕ್ಕಾಗಿ ಬಳಸಿದ ಪ್ರಾಣಿ ಸತ್ತರೆ ಅಥವಾ ಶಾಶ್ವತವಾಗಿ ನಿರುಪಯೋಗಿಯಾದರೆ, ಕೊಂಡ ಬೆಲೆಯಿಂದ ಅದರ ಮೂಲಕ ಬಂದ ಹಣವನ್ನು ಕಳೆದು ಉಳಿದ ನಷ್ಟವನ್ನು ಖರ್ಚೆಂದು ತೋರಿಸಲು 1961ರ ಕಾಯ್ದೆಯ 36(1)ನೆಯ ಕಲಮಿನ ಆರನೆಯ ಖಂಡ ಅವಕಾಶ ನೀಡಿತ್ತು. 2026ರ ಏಪ್ರಿಲ್ 1ರಿಂದ ಜಾರಿಯ 2025ರ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ಆ ದಿನಾಂಕದ ನಂತರದ ಲೆಕ್ಕಗಳಿಗೆ ಹೊಸ ಪಠ್ಯವನ್ನೇ ನೋಡಿಕೊಳ್ಳತಕ್ಕದ್ದು. ಹಳೆಯ ಕಲಮಿನ ಮಾತು 'ನಿರುಪಯೋಗಿ' ಎಂದು, 'ಕುರುಡು' ಎಂದಲ್ಲ. ಒಂದು ಕಣ್ಣು ಹೋದ ಹಸು ಹಾಲು ಕೊಡುತ್ತಲೇ ಇರುತ್ತದೆ. ಎರಡೂ ಕಣ್ಣು ಹೋದ ಸವಾರಿ ಕುದುರೆಯ ಮಾತು ಬೇರೆ. ಆದಕಾರಣ ಪಶುವೈದ್ಯರ ಪ್ರಮಾಣಪತ್ರದಲ್ಲಿ ಪ್ರಾಣಿಯ ಗುರುತು ಸಂಖ್ಯೆ, ಮಾಡಿದ ಪರೀಕ್ಷೆಗಳು, ದಿನಾಂಕ, ಎರಡೂ ಕಣ್ಣುಗಳ ಸ್ಥಿತಿ ಮತ್ತು ಯಾವ ಕೆಲಸಕ್ಕೆ ಅದು ಇನ್ನು ಒದಗದು ಎಂಬುದನ್ನು ಬರೆಸಿಕೊಂಡು, ಖರೀದಿಯ ರಸೀದಿಯೊಂದಿಗೆ ಕಡತದಲ್ಲಿಡಬೇಕು.