ಒಂದೇ ರಾತ್ರಿಯ ನಾಟಕ

1995ರ ಏಪ್ರಿಲ್ 8, ಶನಿವಾರ ರಾತ್ರಿ. ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಎಂದರೆ ಸಂಗೀತಗಾರರಿಗೆ ದೇವಸ್ಥಾನವಿದ್ದಂತೆ. 1891ರಲ್ಲಿ ಚೈಕೋವ್‌ಸ್ಕಿಯವರೇ ರಷ್ಯಾದಿಂದ ಬಂದು, ತಮ್ಮ ಕೃತಿಯನ್ನು ತಾವೇ ನಡೆಸಿಕೊಟ್ಟು ಅದರ ಬಾಗಿಲನ್ನು ತೆರೆದಿದ್ದರು. ಅಂಥ ಮಂದಿರದಲ್ಲಿ ಆ ರಾತ್ರಿ ಏರ್ಪಾಟಾಗಿದ್ದುದು ಗಂಭೀರ ಸಂಗೀತವಲ್ಲ; ಮೂವತ್ತೊಂದು ವರ್ಷಗಳ ಹಿಂದೆ ನೆಲಕಚ್ಚಿದ್ದ ಒಂದು ನಗೆನಾಟಕ. ಅದೂ ಒಂದೇ ಒಂದು ಸಲ, ಒಂದು ಸಂಸ್ಥೆಯ ಸಹಾಯಾರ್ಥವಾಗಿ.

ನಾನು ಆ ಸಭೆಯಲ್ಲಿ ಕುಳಿತಿದ್ದವನಲ್ಲ. ಅಂದಿನ ಪ್ರದರ್ಶನವನ್ನು ಸ್ಥಳದಲ್ಲೇ ಮುದ್ರಿಸಿಕೊಂಡು ಹೊರತಂದ ಧ್ವನಿತಟ್ಟೆಯೇ ನನ್ನ ಟಿಕೆಟ್ಟು. ಆದರೂ ಎಷ್ಟೋ ಸಲ ಕೇಳಿರುವುದರಿಂದ, ಆ ಮಂದಿರದ ಹಿಂದಿನ ಸಾಲಿನಲ್ಲೆಲ್ಲೋ ನನಗೂ ಒಂದು ಕುರ್ಚಿ ಇತ್ತೆಂಬ ಭ್ರಮೆ ಹುಟ್ಟಿಬಿಟ್ಟಿದೆ.

ನಾಟಕದ ಹೆಸರು ‘ಎನಿಒನ್ ಕ್ಯಾನ್ ವಿಸಲ್’. ಸಿಳ್ಳು ಹಾಕುವುದು ಯಾರಿಗೆ ತಾನೆ ಬಾರದು ಎಂಬುದು ಅದರ ಭಾವ. ಕಥೆ ಆರ್ಥರ್ ಲಾರೆಂಟ್ಸ್ ಅವರದು. ಹಾಡು, ಸಂಗೀತ ಎರಡೂ ಸ್ಟೀಫನ್ ಸಾಂಡ್‌ಹೈಮ್ ಅವರದು. ಇವರಿಬ್ಬರೂ ‘ವೆಸ್ಟ್ ಸೈಡ್ ಸ್ಟೋರಿ’, ‘ಜಿಪ್ಸಿ’ಗಳಲ್ಲಿ ಕೂಡಿ ದುಡಿದು ಹೆಸರು ಗಳಿಸಿದವರು. ಆದರೇನು? ಈ ನಾಟಕದ ಜಾತಕವೇ ಬೇರೆಯಾಗಿತ್ತು. ಫಿಲಡೆಲ್ಫಿಯಾದಲ್ಲಿ ಪರೀಕ್ಷಾರ್ಥವಾಗಿ ಆಡುತ್ತಿದ್ದಾಗಲೇ ಒಬ್ಬ ಮುಖ್ಯ ನಟರು ಹೃದಯಾಘಾತಕ್ಕೆ ತುತ್ತಾದರು. 1964ರ ಏಪ್ರಿಲ್ 4ರಂದು ಬ್ರಾಡ್‌ವೇಯ ಮೆಜೆಸ್ಟಿಕ್ ಥಿಯೇಟರಿನಲ್ಲಿ ಪರದೆ ಎದ್ದಿತು. 11ರಂದು ಕೊನೆಯ ಸಲ ಇಳಿಯಿತು. ಆದದ್ದು ಒಟ್ಟು ಒಂಬತ್ತೇ ಪ್ರದರ್ಶನ. ಇಷ್ಟಾದರೂ ಕೊಲಂಬಿಯಾ ರೆಕಾರ್ಡ್ಸ್ ಕಂಪನಿಯ ಗಾಡರ್ಡ್ ಲೀಬರ್ಸನ್ ಅವರು, ನಾಟಕ ನಿಂತ ಮರುದಿನವೇ ನಟರನ್ನೆಲ್ಲ ಕರೆಸಿ ಹಾಡುಗಳನ್ನು ಮುದ್ರಿಸಿಕೊಂಡರು. ಲಾಭದ ಲೆಕ್ಕದಲ್ಲಿ ಇದು ಶುದ್ಧ ಹುಚ್ಚುತನ. ಆ ಹುಚ್ಚುತನವಿಲ್ಲದಿದ್ದರೆ ಇಂದು ಈ ನಾಟಕದ ಹೆಸರನ್ನು ನೆನೆಯುವವರೇ ಇರುತ್ತಿರಲಿಲ್ಲ.

ಕಥೆಯೂ ಹುಚ್ಚಿನದೇ. ಒಂದು ಊರು ದಿವಾಳಿಯೆದ್ದಿದೆ. ಅಲ್ಲಿ ಚೆನ್ನಾಗಿ ನಡೆಯುತ್ತಿರುವ ಸಂಸ್ಥೆ ಒಂದೇ ಒಂದು, ಹುಚ್ಚಾಸ್ಪತ್ರೆ! ಊರಿನ ಮೇಯರಮ್ಮ ಕೋರಾ ಮಹಾ ಬೆಡಗಿನ ಹೆಂಗಸು. ಜನ ಹಸಿದು ಕೂತಿದ್ದಾರೆಂಬ ದುಃಖವನ್ನು ಆಕೆ ತೋಡಿಕೊಳ್ಳುವುದು ಹೇಗೆ ಗೊತ್ತೇ? ಸುತ್ತ ನಾಲ್ವರು ತರುಣರನ್ನು ಕುಣಿಸಿಕೊಂಡು, ನೈಟ್‌ಕ್ಲಬ್ಬಿನ ಗಾಯಕಿಯ ಠೀವಿಯಲ್ಲಿ! ಆಕೆಯ ಆಪ್ತರು ಸೇರಿ ಒಂದು ಹಂಚಿಕೆ ಹೂಡುತ್ತಾರೆ. ಬಂಡೆಯೊಳಗೆ ಪಂಪನ್ನಿಟ್ಟು, ಅದನ್ನು ನಡೆಸಲು ಒಬ್ಬನನ್ನು ಅಡಗಿಸಿ, ನೀರು ಚಿಮ್ಮಿಸಿ, ಪವಾಡವೆಂದು ಸಾರುತ್ತಾರೆ. ರೋಗಿಗಳು ಹಣ ತೆತ್ತು ಆ ತೀರ್ಥಕ್ಕೆ ಮುಗಿಬೀಳುತ್ತಾರೆ. ಆಸ್ಪತ್ರೆಯ ದಾದಿ ಫೇ ಆಪಲ್ ತನ್ನ ನಲವತ್ತೊಂಬತ್ತು ರೋಗಿಗಳನ್ನೂ ಅಲ್ಲಿಗೆ ಕರೆತರುತ್ತಾಳೆ. ಗದ್ದಲದಲ್ಲಿ ಅವರೆಲ್ಲ ಯಾತ್ರಿಕರೊಡನೆ ಬೆರೆತುಹೋಗುತ್ತಾರೆ. ಹುಚ್ಚರು ಯಾರು, ಬುದ್ಧಿವಂತರು ಯಾರು? ಅದನ್ನು ಬೇರ್ಪಡಿಸಲು ಬಂದ ಹ್ಯಾಪ್‌ಗುಡ್ ಎಲ್ಲರನ್ನೂ ಇನ್ನಷ್ಟು ಕಲಸಿಬಿಡುತ್ತಾನೆ. ಮೊದಲ ಅಂಕದ ಕೊನೆಗಂತೂ ಅವನು ಸಭಿಕರ ಕಡೆಗೇ ತಿರುಗಿ, ಹುಚ್ಚರು ನೀವೇ ಎಂದು ಸಾರುತ್ತಾನೆ. ಹಣ ಕೊಟ್ಟು ಬಂದವರಿಗೆ ಇಂಥ ಮರ್ಯಾದೆ ಮಾಡಿದ ನಾಟಕ ಒಂಬತ್ತು ಸಲವಾದರೂ ಹೇಗೆ ನಡೆಯಿತೋ ಎಂದು ನಾನು ಸೋಜಿಗಪಟ್ಟದ್ದುಂಟು.

ಈ ಬಗೆಯ ಅಭಿನಯಕ್ಕೆ ಇಂಗ್ಲಿಷಿನಲ್ಲಿ ‘ಕ್ಯಾಂಪ್’ ಎಂಬ ಒಂದು ಮಾತಿದೆ. ಬೇಕೆಂದೇ ಅತಿಯಾಗಿ ಮಾಡುವುದು, ಕೃತಕವೆಂದು ಗೊತ್ತಿದ್ದೂ ಅದನ್ನೇ ಮೆರೆಸುವುದು, ಗಂಭೀರವಾದುದನ್ನು ಬೆಡಗಿನಿಂದ ಹೇಳಿ ನಗಿಸುವುದು ಎಂದು ಸ್ಥೂಲವಾಗಿ ಹೇಳಬಹುದು. ಸೂಸನ್ ಸಾಂಟಾಗ್ ಇದನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧ ಬೆಳಕು ಕಂಡದ್ದೂ 1964ರಲ್ಲೇ. ಆ ಕಾಲಕ್ಕೆ ಅಮೆರಿಕೆಯ ಹೆಚ್ಚಿನ ರಾಜ್ಯಗಳಲ್ಲಿ ಸಲಿಂಗಪ್ರೇಮ ಶಿಕ್ಷಾರ್ಹ ಅಪರಾಧವಾಗಿತ್ತು. ನೇರವಾಗಿ ಮಾತಾಡಲಾಗದವರಿಗೆ ಈ ಬೆಡಗೇ ಒಂದು ಗುಪ್ತಭಾಷೆಯಾಯಿತು. ನಮ್ಮ ಮೇಯರಮ್ಮ ಆಡುವುದು ಅಪ್ಪಟ ಆ ಭಾಷೆಯನ್ನೇ.

ಇನ್ನು, ಆ ರಾತ್ರಿ ಸಂಗ್ರಹವಾದ ಹಣ ಯಾರಿಗೆ? ‘ಗೇ ಮೆನ್ಸ್ ಹೆಲ್ತ್ ಕ್ರೈಸಿಸ್’ ಎಂಬ ಸಂಸ್ಥೆಗೆ. ಅದರ ಹುಟ್ಟನ್ನು ಸ್ವಲ್ಪ ಹೇಳಬೇಕು. ಆಗ ಹೆಸರೇ ಇಲ್ಲದಿದ್ದ, ಮುಂದೆ ಏಡ್ಸ್ ಎನಿಸಿಕೊಂಡ ರೋಗದ ಮೊದಲ ವರದಿ 1981ರ ಜೂನಿನಲ್ಲಿ ಪ್ರಕಟವಾಯಿತು. ಆ ಆಗಸ್ಟಿನಲ್ಲಿ ಲೇಖಕ ಲ್ಯಾರಿ ಕ್ರೇಮರ್ ಅವರ ಮನೆಯಲ್ಲಿ ಕೆಲವರು ಸೇರಿ ಚಂದಾ ಎತ್ತಿದರು. 1982ರಲ್ಲಿ ಸಂಸ್ಥೆ ರೂಪುಗೊಂಡಿತು. ಸರಕಾರ ಕೈಕಟ್ಟಿ ಕುಳಿತಿದ್ದಾಗ ಸ್ವಯಂಸೇವಕರು ದೂರವಾಣಿಯ ಮುಂದೆ ಕುಳಿತು ಭಯಗೊಂಡವರಿಗೆ ಉತ್ತರ ಕೊಟ್ಟರು. ಹತ್ತಿರದವರೂ ಮುಟ್ಟಲು ಹೆದರುತ್ತಿದ್ದ ರೋಗಿಗಳ ಮನೆಗೆ ಹೋಗಿ ಪಾತ್ರೆ ತೊಳೆದರು, ಜೊತೆಗೆ ಕೂತರು. ಹಣ ಕೂಡಿಸುವ ದಾರಿಯೂ ಅವರದು ವಿಚಿತ್ರ. 1983ರ ಏಪ್ರಿಲ್ 30ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಸರ್ಕಸ್ಸಿನ ಒಂದು ಪ್ರದರ್ಶನವನ್ನೇ ಇಡಿಯಾಗಿ ಕೊಂಡು, 17 ಸಾವಿರಕ್ಕೂ ಹೆಚ್ಚು ಆಸನಗಳನ್ನು ತುಂಬಿಸಿದರು. ಆನೆ, ವಿದೂಷಕರ ನಡುವೆ ರಾಷ್ಟ್ರಗೀತೆಯನ್ನು ನಡೆಸಿಕೊಟ್ಟವರು ‘ವೆಸ್ಟ್ ಸೈಡ್ ಸ್ಟೋರಿ’ಯ ಸಂಗೀತಕಾರ ಲೆನರ್ಡ್ ಬರ್ನ್‌ಸ್ಟೈನ್!

ರಂಗಭೂಮಿಯ ಮಟ್ಟಿಗೆ ಈ ರೋಗ ಮನೆಯೊಳಗೇ ಹೊಕ್ಕ ಮಾರಿ. ಸಾಂಡ್‌ಹೈಮರ ‘ಕಂಪನಿ’ ನಾಟಕಕ್ಕೆ ನೃತ್ಯ ಸಂಯೋಜಿಸಿದ ಮೈಕೆಲ್ ಬೆನೆಟ್ 1987ರಲ್ಲಿ ಹೋದರು. ಆಗ ಅವರಿಗೆ ನಲವತ್ತನಾಲ್ಕೇ ವರ್ಷ. ‘ವೆಸ್ಟ್ ಸೈಡ್ ಸ್ಟೋರಿ’ಯ ಮೊದಲ ನಾಯಕ ಲ್ಯಾರಿ ಕರ್ಟ್ 1991ರಲ್ಲಿ ಹೋದರು. ಹೆಸರಿಲ್ಲದ ಮೇಳದ ಹುಡುಗರನ್ನು, ಬಣ್ಣ ಬಳಿಯುವವರನ್ನು, ಉಡುಪು ಹೊಲಿಯುವವರನ್ನು ಯಾರು ಎಣಿಸಬೇಕು? 1995 ಒಂದೇ ವರ್ಷದಲ್ಲಿ ಅಮೆರಿಕೆಯಲ್ಲಿ ಈ ರೋಗಕ್ಕೆ ತುತ್ತಾದವರು 40 ಸಾವಿರಕ್ಕೂ ಹೆಚ್ಚು. 1987ರಿಂದ ಔಷಧವೇನೋ ಇತ್ತು. ಆದರೆ ಅದು ಸಾವನ್ನು ಕೊಂಚ ಮುಂದೂಡಬಲ್ಲುದಾಗಿತ್ತೇ ಹೊರತು ತಡೆಯಬಲ್ಲುದಾಗಿರಲಿಲ್ಲ.

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಆ ತಟ್ಟೆಯನ್ನು ಕೇಳಬೇಕು. ಕಥೆ ಹೇಳುವ ನಿರೂಪಕಿ ಆಂಜೆಲಾ ಲ್ಯಾನ್ಸ್‌ಬರಿ. 1964ರಲ್ಲಿ ಮೇಯರಮ್ಮನಾಗಿದ್ದವರು ಇವರೇ. ಸಂಗೀತನಾಟಕದಲ್ಲಿ ಅದು ಅವರ ಮೊದಲ ಹೆಜ್ಜೆ. ಅಲ್ಲಿ ಎಡವಿದರೂ ಅದೇ ಅಭಿನಯವನ್ನು ಮೆಚ್ಚಿದ ಜೆರ್ರಿ ಹರ್ಮನ್ ಅವರು 1966ರಲ್ಲಿ ತಮ್ಮ ‘ಮೇಮ್’ ನಾಟಕಕ್ಕೆ ಇವರನ್ನು ನಾಯಕಿಯನ್ನಾಗಿ ಮಾಡಿದರು. ಆ ಮೇಲಿನದು ಕೀರ್ತಿಯ ಕಥೆ. ಈಗ ಅರವತ್ತೊಂಬತ್ತರ ವಯಸ್ಸಿನಲ್ಲಿ, ತಮ್ಮ ಹಳೆಯ ಪಾತ್ರವನ್ನು ಮೆಡಲಿನ್ ಕಾನ್ ಅವರಿಗೆ ಬಿಟ್ಟುಕೊಟ್ಟು, ಬದಿಗೆ ನಿಂತು ಕಥೆ ಹೇಳುತ್ತಾರೆ. ಕಾನ್ ಒಪೆರಾ ಸಂಗೀತದ ಶಿಕ್ಷಣ ಪಡೆದವರು. ಬೆಡಗಿನ ಮಾತನ್ನು ಒಂದು ಕ್ಷಣ ಎಳೆದು, ಥಟ್ಟನೆ ಬಿಟ್ಟುಬಿಡುವ ಅವರ ಚಾತುರ್ಯಕ್ಕೆ ನಾನಂತೂ ಮಾರುಹೋಗಿದ್ದೇನೆ. ಫೇ ಆಗಿ ಬರ್ನಡೆಟ್ ಪೀಟರ್ಸ್, ಹ್ಯಾಪ್‌ಗುಡ್ ಆಗಿ ಸ್ಕಾಟ್ ಬ್ಯಾಕುಲಾ.

ಇಂಥ ಕಛೇರಿ-ನಾಟಕದಲ್ಲಿ ನಾಟಕದ ಸಜ್ಜೆಂಬುದು ಕಡಿಮೆ. ವಾದ್ಯವೃಂದ ಕೆಳಗಿನ ಗುಂಡಿಯಲ್ಲಿರದೆ ರಂಗದ ಮೇಲೆಯೇ ಕೂರುತ್ತದೆ. ಊರು, ಬಂಡೆ, ಆಸ್ಪತ್ರೆ ಎಲ್ಲವೂ ಕೇಳುವವನ ಕಲ್ಪನೆಗೆ ಬಿಟ್ಟದ್ದು. ಈ ನಾಟಕಕ್ಕೆ ಅದೇ ವರವಾಯಿತೆಂದು ನನ್ನ ಎಣಿಕೆ. 1964ರಲ್ಲಿ ಮೂರು ಅಂಕಗಳ ಉದ್ದಕ್ಕೂ ಹರಡಿಹೋಗಿದ್ದ ಕಥೆಯನ್ನು ಇಲ್ಲಿ ನಿರೂಪಣೆ ಚುಟುಕಾಗಿ ದಾಟಿಸುತ್ತದೆ, ಉಳಿಯುವುದು ಸಂಗೀತ. ಹಿಂದೆ ಕತ್ತರಿಗೆ ಸಿಕ್ಕ ಹಾಡುಗಳಿಗೂ ಅಂದು ಕಂಠ ದೊರೆಯಿತು. ಅವುಗಳಲ್ಲೊಂದು ‘ದೇರ್ ವೋಂಟ್ ಬಿ ಟ್ರಂಪೆಟ್ಸ್’. ಕಾಪಾಡುವ ವೀರ ಬರುವಾಗ ಕಹಳೆ ಮೊಳಗುವುದಿಲ್ಲ, ಆದರೂ ಬಂದೇ ಬರುತ್ತಾನೆ ಎಂದು ದಾದಿ ಹಟ ಹಿಡಿದು ಹಾಡುವ ಹಾಡು. 1964ರಲ್ಲಿ ಲೀ ರೆಮಿಕ್ ಈ ಹಾಡಿನ ಹಿಂದಿನ ಮಾತನ್ನು ಎಷ್ಟು ಸೊಗಸಾಗಿ ಆಡುತ್ತಿದ್ದರೆಂದರೆ, ಕರತಾಡನವೆಲ್ಲ ಆ ಮಾತಿಗೇ ಸಂದು ಹಾಡು ಅನಾವಶ್ಯಕವೆನಿಸಿತಂತೆ! ಅದೇ ಹಾಡನ್ನು 1995ರಲ್ಲಿ, ದಿನವೂ ಹಾಸಿಗೆಯ ಪಕ್ಕದಲ್ಲಿ ಕೂತು ಬರುತ್ತಿದ್ದವರು ಕೇಳಿದರು.

ಹಾಡಿಗಿಂತಲೂ ನನ್ನನ್ನು ಕಾಡುವುದು ಎರಡನೆಯ ಅಂಕದ ಒಂದು ಘಟನೆ. ಹ್ಯಾಪ್‌ಗುಡ್ ವೈದ್ಯನಲ್ಲ, ಅವನೂ ಒಬ್ಬ ರೋಗಿಯೇ ಎಂದು ತಿಳಿಯುತ್ತದೆ. ಅವನ ಮಾತಿಗೆ ಒಲಿದ ಫೇ ತನ್ನ ರೋಗಿಗಳ ದಾಖಲೆಗಳನ್ನು ಹರಿದು ಚೂರು ಮಾಡುತ್ತಾಳೆ. ಪಟ್ಟಿಯಿಲ್ಲದಿದ್ದರೆ ಅವರನ್ನು ಹಿಡಿಯುವವರಾರು? ಅವರೂ ಎಲ್ಲರಂತೆ ಮನುಷ್ಯರು. 1964ರ ಪ್ರೇಕ್ಷಕರಿಗೆ ಇದು ಚಮತ್ಕಾರವಾಗಿ ಕಂಡಿರಬೇಕು. ಆದರೆ ಏಡ್ಸ್ ಕಾಲದಲ್ಲಿ ರೋಗಿಯ ಹೆಸರು ಒಂದು ಪಟ್ಟಿಯಲ್ಲಿ ಸೇರಿತೆಂದರೆ ಕೆಲಸ ಹೋಗಬಹುದು, ಬಾಡಿಗೆ ಮನೆ ಹೋಗಬಹುದು, ವಿಮೆ ಹೋಗಬಹುದು. ಈ ಭಯಕ್ಕಾಗಿಯೇ ನ್ಯೂಯಾರ್ಕ್ ರಾಜ್ಯ 1988ರಲ್ಲಿ ಪರೀಕ್ಷೆಯ ಫಲಿತವನ್ನು ಗುಟ್ಟಾಗಿಡುವ ಶಾಸನವನ್ನೇ ಮಾಡಬೇಕಾಯಿತು. ಕೊನೆಯ ಅಂಕದಲ್ಲಿ ಅಧಿಕಾರಿಗಳು ನಲವತ್ತೊಂಬತ್ತು ಜನ ಬೇಕೇ ಬೇಕೆಂದು ಬೀದಿಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಹಿಡಿಯುತ್ತಾರೆ. ಆ ಬೇಟೆಗೆ ಸಾಂಡ್‌ಹೈಮ್ ಹೊಂದಿಸಿರುವುದು ಮಧುರವಾದ ವಾಲ್ಟ್ಸ್ ನೃತ್ಯದ ತಾಳ. ಕಾಲು ತಾನಾಗಿಯೇ ಕುಣಿಯುತ್ತದೆ. ಕುಣಿಯುತ್ತಿರುವುದು ಯಾವುದಕ್ಕೆಂದು ಅರಿವಾದಾಗ ನಿಲ್ಲುತ್ತದೆ.

ಕಟ್ಟಕಡೆಗೆ ಫೇ ಸಿಳ್ಳು ಹಾಕುತ್ತಾಳೆ. ಕಷ್ಟದ ಕೆಲಸಗಳನ್ನೆಲ್ಲ ಸಲೀಸಾಗಿ ಮಾಡಬಲ್ಲ, ಆದರೆ ಎಲ್ಲರಿಗೂ ಬರುವ ಸಿಳ್ಳು ಮಾತ್ರ ಬಾರದ ಹೆಣ್ಣು ಆಕೆ. ಆ ಸಿಳ್ಳು ಇಂಪಾದುದಲ್ಲ, ಕರ್ಕಶ. ಹೊರಟಿದ್ದ ಹ್ಯಾಪ್‌ಗುಡ್ ಹಿಂದಿರುಗುತ್ತಾನೆ. ಬಂಡೆಯಿಂದ, ಈ ಸಲ ಪಂಪಿಲ್ಲದೆ, ನೀರು ಉಕ್ಕುತ್ತದೆ.

ಆ ರಾತ್ರಿ ಚಪ್ಪಾಳೆ ತಟ್ಟಿ ಮನೆಗೆ ಹೋದವರಿಗೆ ಒಂದು ಸಂಗತಿ ತಿಳಿದಿರಲಿಲ್ಲ. ಅಂದಿಗೆ ಸುಮಾರು ಎಂಟು ತಿಂಗಳಿಗೆ, ಆ ಡಿಸೆಂಬರಿನಲ್ಲಿ, ಹೊಸ ವರ್ಗದ ಔಷಧಗಳಲ್ಲಿ ಮೊದಲನೆಯದಕ್ಕೆ ಅಮೆರಿಕೆಯಲ್ಲಿ ಅನುಮತಿ ದೊರೆಯಿತು. 1996ರಲ್ಲಿ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಂದಿತು. 1997ರಲ್ಲಿ ಆ ದೇಶದ ಸಾವಿನ ಲೆಕ್ಕ ಹಿಂದಿನ ವರ್ಷದ ಸುಮಾರು ಅರ್ಧಕ್ಕಿಳಿಯಿತು. ಮೆಡಲಿನ್ ಕಾನ್ 1999ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಸಾಂಡ್‌ಹೈಮ್ 2021ರಲ್ಲಿ, ಲ್ಯಾನ್ಸ್‌ಬರಿ 2022ರಲ್ಲಿ ತುಂಬು ವಯಸ್ಸಿನಲ್ಲಿ ಹೋದರು. ಸೋತ ನಾಟಕದಲ್ಲಿ ಆಕೆಯನ್ನು ಗುರುತಿಸಿದ ಜೆರ್ರಿ ಹರ್ಮನ್ ಅವರಿಗೆ 1985ರಲ್ಲೇ ಎಚ್‌ಐವಿ ಸೋಂಕು ಪತ್ತೆಯಾಗಿತ್ತು. ಹೊಸ ಔಷಧ ಬರುವವರೆಗೂ ಅವರ ಜೀವ ಹಿಡಿದಿತ್ತು. ಅವರು ತೀರಿಕೊಂಡದ್ದು 2019ರ ಡಿಸೆಂಬರಿನಲ್ಲಿ, ಎಂಬತ್ತೆಂಟನೆಯ ವಯಸ್ಸಿನಲ್ಲಿ.