ಮಾಹಿತಿಯ ಹರಿವಿನ ಅಳತೆ

ಸಿರುಗುಪ್ಪ, ಕುರುಗೋಡುಗಳ ರೈತರು ತುಂಗಭದ್ರಾ ಕಾಲುವೆಯ ಹರಿವನ್ನು ‘ಕ್ಯೂಸೆಕ್’ ಲೆಕ್ಕದಲ್ಲಿ ಹೇಳುವುದುಂಟು. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್. ತಂತಿಯಲ್ಲಿ ಹರಿಯುವ ಮಾಹಿತಿಗೂ ಇಂತಹದೇ ಅಳತೆಯಿದೆ. ಅದರ ಹನಿಯೇ ‘ಬಿಟ್’. ಎಂಟು ಬಿಟ್‌ಗಳು ಕೂಡಿದರೆ ಒಂದು ‘ಬೈಟ್’.

ಹಿಂದಿನ ಟೆಲೆಕ್ಸ್ ಯಂತ್ರದ ವೇಗವು 50 ಬಾಡ್. ಫ್ರಾನ್ಸಿನ ಎಮಿಲ್ ಬೋಡೊ ಎಂಬ ತಂತ್ರಜ್ಞನ ಹೆಸರಿನಿಂದ ಬಂದ ಈ ಮಾನವು ಸೆಕೆಂಡಿಗೆ ಸಾಗುವ ಸಂಕೇತಗಳ ಸಂಖ್ಯೆಯನ್ನು ತಿಳಿಸುತ್ತದೆ. ಟೆಲೆಕ್ಸಿನಲ್ಲಿ ಒಂದು ಸಂಕೇತಕ್ಕೆ ಒಂದೇ ಬಿಟ್. ಆದುದರಿಂದ 50 ಬಾಡ್ ಎಂದರೆ ಸೆಕೆಂಡಿಗೆ 50 ಬಿಟ್. ಅನಂತರ ಬಂದ ಡಿಜಿಟಲ್ ದೂರವಾಣಿಯು ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 8 ಬಿಟ್‌ಗಳಲ್ಲಿ ಕಳುಹಿಸಿತು. ಹೀಗೆ ಒಂದು ಮಾತಿನ ದಾರಿಗೆ 64 ಕಿಲೋಬಿಟ್. ಅಂತಹ 32 ದಾರಿಗಳು ಕೂಡಿದರೆ 2,048 ಕಿಲೋಬಿಟ್, ಅಂದರೆ 2.048 ಮೆಗಾಬಿಟ್.

ಇಂದು ಬಳ್ಳಾರಿಯಲ್ಲಿ 100 ಮೆಗಾಬಿಟ್ ಸಂಪರ್ಕ ಪಡೆದವನು ಸೆಕೆಂಡಿಗೆ 100 ಮೆಗಾಬೈಟ್ ಬರುವುದೆಂದು ಬಗೆದರೆ ಅದು ತಪ್ಪು. ಎಂಟರಿಂದ ಭಾಗಿಸಿದರೆ ದೊರೆಯುವುದು 12.5 ಮೆಗಾಬೈಟ್ ಮಾತ್ರ. 100 ಮೆಗಾಬೈಟ್‌ನ ಪಾಠವೊಂದು ಬರಲು ಈ ಸಂಪರ್ಕದಲ್ಲಿ 8 ಸೆಕೆಂಡು ಸಾಕು, 2.048 ಮೆಗಾಬಿಟ್ ತಂತಿಯಲ್ಲಿ ಸುಮಾರು ಆರೂವರೆ ನಿಮಿಷ; ಟೆಲೆಕ್ಸಿನ ವೇಗದಲ್ಲಾದರೋ 185 ದಿನ!

ಸಂಖ್ಯೆಯೊಡನೆ ಅದರ ಮಾನವನ್ನೂ ಓದಬಲ್ಲವನು ಹಣ ತೆರುವಾಗ ಮೋಸಹೋಗನು.