ಮಳೆಕೋಟು ಸೋರುತ್ತಿಲ್ಲ, ಉಸಿರು ಕಟ್ಟಿದೆ!

ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಎಂಬ ಮಾತಿದೆ. ಆಲೂರು ತಾಲ್ಲೂಕಿನ ಕೆ. ಹೊಸಕೋಟೆಯಲ್ಲಾಗಲಿ, ಸಕಲೇಶಪುರದ ಬೆಟ್ಟದ ಸಾಲಿನಲ್ಲಾಗಲಿ ಈ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ ತೋಟದ ದಾರಿಯಲ್ಲಿ ನಡೆದು, ರಸ್ತೆಗೆ ಬಂದು, ಬಸ್ಸಿಗೆ ಕಾದು ಶಾಲೆ ಸೇರುವ ಮಕ್ಕಳಿಗೆ ಮಳೆಗಾಲ ಮುಗಿಯುವವರೆಗೆ ಮಳೆಕೋಟೇ ಎರಡನೆಯ ಚರ್ಮ.

ಒಂದು ಕಾಲಕ್ಕೆ ಇಲ್ಲಿನವರ ತಲೆಯ ಮೇಲೆ ಇದ್ದದ್ದು ಕಂಬಳಿ ಕೊಪ್ಪೆ, ಇಲ್ಲವೇ ಗೊರಬು. ಆಮೇಲೆ ಪ್ಲಾಸ್ಟಿಕ್ ಕೊಪ್ಪೆ ಬಂತು. ಈಗ ಅನೇಕ ಮನೆಗಳಲ್ಲಿ 'ನೀರು ಒಳಗೆ ಬಿಡದ, ಬೆವರು ಹೊರಗೆ ಬಿಡುವ' ಜಾಕೆಟ್ಟುಗಳಿವೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣ ತಂದುಕೊಟ್ಟದ್ದೋ, ಅಪ್ಪ ಬೈಕಿಗೆಂದು ಕೊಂಡದ್ದೋ ಕೊನೆಗೆ ಮಕ್ಕಳ ಮೈಮೇಲೆ ಬರುತ್ತದೆ. ಮೊದಲ ವರ್ಷ ಎಲ್ಲರಿಗೂ ಸಂತೋಷ. ಎರಡನೆಯ ವರ್ಷ ದೂರು ಶುರು: 'ಅಮ್ಮಾ, ಕೋಟು ಸೋರುತ್ತಿದೆ. ಒಳಗಿನ ಯೂನಿಫಾರಂ ಎಲ್ಲ ಒದ್ದೆ.' ಸಾವಿರಾರು ರೂಪಾಯಿಯ ಕೋಟು ಮೂಲೆ ಸೇರುತ್ತದೆ. ಮಗು ಮತ್ತೆ ಪ್ಲಾಸ್ಟಿಕ್ಕಿಗೆ ಮರಳುತ್ತದೆ, ಇಲ್ಲವೇ ಒದ್ದೆ ಬಟ್ಟೆಯಲ್ಲೇ ಸಂಜೆಯವರೆಗೆ ನಡುಗುತ್ತ ಪಾಠ ಕೇಳುತ್ತದೆ.

ಆದರೆ ಹೀಗೆ ಮೂಲೆ ಸೇರುವ ಎಷ್ಟೋ ಕೋಟುಗಳು ನಿಜವಾಗಿ ಸೋರುತ್ತಿರುವುದಿಲ್ಲ. ಅವುಗಳಿಗೆ ಉಸಿರು ಕಟ್ಟಿರುತ್ತದೆ. ಸರಿಯಾಗಿ ತೊಳೆದರೆ ಮತ್ತೆ ಉಸಿರಾಡುತ್ತವೆ.

ಒಳಗಿನ ನೀರು ಎಲ್ಲಿಂದ ಬಂತು?

ಒಂದು ಸಣ್ಣ ಪ್ರಯೋಗ ಮಾಡಬಹುದು. ಅಂಗೈಗೆ ಪ್ಲಾಸ್ಟಿಕ್ ಚೀಲ ತೊಡಿಸಿ, ಮಣಿಕಟ್ಟಿನ ಬಳಿ ಸಡಿಲವಾಗಿ ಕಟ್ಟಿ ಹತ್ತು ನಿಮಿಷ ಬಿಡಬೇಕು (ಕೈಗೆ ಮಾತ್ರ, ತಲೆಗೆ ಎಂದೂ ಚೀಲ ಹಾಕಬಾರದು). ಚೀಲದ ಒಳಮೈ ತೇವವಾಗುತ್ತದೆ. ಮಳೆಯೂ ಇಲ್ಲ, ತೂತೂ ಇಲ್ಲ. ಬಂದದ್ದು ಬೆವರಿನ ಆವಿ. ಏರುದಾರಿಯಲ್ಲಿ ಪುಸ್ತಕದ ಚೀಲ ಹೊತ್ತು ನಡೆಯುವ ಮಗುವಿನ ಮೈ ಇದಕ್ಕಿಂತ ಎಷ್ಟೋ ಹೆಚ್ಚು ಆವಿ ಬಿಡುತ್ತದೆ.

ಈ ಆವಿಯನ್ನು ಹೊರಗೆ ಕಳಿಸುವುದೇ ಉಸಿರಾಡುವ ಜಾಕೆಟ್ಟಿನ ಹೆಚ್ಚುಗಾರಿಕೆ. ಅದರ ಹೊರಬಟ್ಟೆ ನೈಲಾನ್ ಅಥವಾ ಪಾಲಿಯೆಸ್ಟರ್. ಅದರ ಒಳಗೆ ಅಂಟಿಕೊಂಡಂತೆ ಒಂದು ತೆಳುಪೊರೆ. ಇಂಥ ಪೊರೆಗಳಲ್ಲಿ ಹೆಸರಾದದ್ದು ಗೋರ್‌ಟೆಕ್ಸ್. ಬಾಣಲೆಗೆ ಬಳಿಯುವ ಟೆಫ್ಲಾನ್ ಎಂಬ ವಸ್ತುವನ್ನು 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಕೊಂಡರು. 1969ರಲ್ಲಿ ಬಾಬ್ ಗೋರ್ ಅದರ ಕಾಯಿಸಿದ ಸರಳನ್ನು ಮೆಲ್ಲಗೆ ಎಳೆದಾಗಲೆಲ್ಲ ಅದು ತುಂಡಾಗುತ್ತಿತ್ತು. ಬೇಸತ್ತು ಒಮ್ಮೆ ಜೋರಾಗಿ ಜಗ್ಗಿದರು. ಮುರಿಯಲಿಲ್ಲ, ಹಲವು ಪಟ್ಟು ಉದ್ದವಾಯಿತು! ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು ತೆರೆದುಕೊಂಡಿದ್ದವು. 1976ರ ಹೊತ್ತಿಗೆ ಅದು ಮಳೆಯ ಉಡುಪಾಗಿ ಮಾರುಕಟ್ಟೆಗೆ ಬಂತು.

ಈ ರಂಧ್ರಗಳು ಮಳೆಹನಿಗಿಂತ ಸಾವಿರಾರು ಪಟ್ಟು ಚಿಕ್ಕವು, ಆವಿಯ ಅಣುವಿಗಿಂತ ನೂರಾರು ಪಟ್ಟು ದೊಡ್ಡವು. ಹನಿ ನುಗ್ಗಲಾರದು, ಆವಿ ಸಲೀಸಾಗಿ ದಾಟುತ್ತದೆ. ಕಡಿಮೆ ಬೆಲೆಯ ಜಾಕೆಟ್ಟುಗಳಲ್ಲಿ ಸಾಮಾನ್ಯವಾಗಿ ಪಾಲಿಯುರೆಥೇನಿನ ಲೇಪ ಇರುತ್ತದೆ. ವಿಧಾನ ಬೇರೆಯಾದರೂ ಕೆಲಸ ಅದೇ.

ಹೊರಗಿನ ಗಾಳಿಯೇ ನೀರಿನಿಂದ ತುಂಬಿರುವಾಗ ಆವಿ ಎಲ್ಲಿಗೆ ಹೋದೀತು ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಒಳ್ಳೆಯ ಪ್ರಶ್ನೆ. 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಗಾಳಿ ಪೂರ್ತಿ ತೇವವಾಗಿದ್ದರೂ ಆವಿಯ ಒತ್ತಡ ಸುಮಾರು 17.5 ಮಿಲಿಮೀಟರ್ ಪಾದರಸದಷ್ಟು. 33 ಡಿಗ್ರಿಯಲ್ಲಿರುವ ಬೆವರಿದ ಚರ್ಮದ ಬಳಿ ಅದು ಸುಮಾರು 38. ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡದ ಕಡೆಗೆ ಆವಿ ಸಾಗುತ್ತದೆ. ಆದ್ದರಿಂದ ಮಲೆನಾಡಿನ ಥಂಡಿ ಮಳೆಯಲ್ಲೂ ಜಾಕೆಟ್ಟು ಕೆಲಸ ಮಾಡಬಲ್ಲದು.

ಕೆಸುವಿನ ಎಲೆಯ ಪಾಠ

ಹಾಗಿದ್ದರೆ ಎರಡನೆಯ ವರ್ಷ ಏನು ಕೆಡುತ್ತದೆ? ಉತ್ತರ ಮನೆಯ ಹಿತ್ತಲಲ್ಲಿದೆ. ಕೆಸುವಿನ ಎಲೆಯ ಮೇಲೆ ಬಿದ್ದ ನೀರು ಮುತ್ತಿನಂತೆ ಉರುಳಿಹೋಗುತ್ತದೆ. ಅದೇ ಎಲೆಗೆ ಸೋಪಿನ ನೀರು ಸವರಿದರೆ ಹನಿ ಉರುಳುವುದನ್ನು ಬಿಟ್ಟು ಹರಡಿಕೊಳ್ಳುತ್ತದೆ. ನೀರಿನ ಮೇಲ್ಮೈ ಎಳೆತವನ್ನು ಸೋಪು ಕಡಿಮೆ ಮಾಡಿತು, ಅಷ್ಟೇ.

ಜಾಕೆಟ್ಟಿನ ಹೊರಬಟ್ಟೆಗೂ ಕಾರ್ಖಾನೆಯಲ್ಲಿ ಇಂಥದೇ ನೀರು ಜಾರಿಸುವ ಲೇಪ ಕೊಟ್ಟಿರುತ್ತಾರೆ. ಕೆಸರು, ಬೆವರಿನ ಉಪ್ಪು, ತಲೆಗೆ ಹಚ್ಚಿದ ಎಣ್ಣೆ, ಒಲೆಯ ಹೊಗೆ, ಸರಿಯಾಗಿ ಜಾಲಿಸದೆ ಉಳಿದ ಸೋಪು ಎಲ್ಲ ಸೇರಿ ಅದನ್ನು ಮುಚ್ಚುತ್ತವೆ. ಆಗ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ. ಒಳಪೊರೆ ಇನ್ನೂ ಮಳೆಯನ್ನು ತಡೆಯುತ್ತಿರುತ್ತದೆ, ಆದರೆ ಅದರ ಮೇಲೆ ನೀರಿನ ತಣ್ಣನೆಯ ಪದರ ಕೂತಿದೆ. ಹೊರಹೋಗಲಾರದ ಆವಿ ಒಳಗೇ ತಣಿದು ಹನಿಯಾಗುತ್ತದೆ. ಮಗು ಅದನ್ನೇ ಸೋರಿಕೆ ಎನ್ನುತ್ತದೆ.

ಒಗೆಯುವ ಕಲ್ಲು ಬೇಡ

ಒಗೆದರೆ ಕೋಟು ಹಾಳಾಗುತ್ತದೆ ಎಂಬ ಭಯದಿಂದ ಕೆಲವರು ವರ್ಷವಿಡೀ ತೊಳೆಯುವುದಿಲ್ಲ. ಇನ್ನು ಕೆಲವರು ಬಾರ್ ಸೋಪು ಹಚ್ಚಿ, ಬ್ರಷ್ಷಿನಿಂದ ಉಜ್ಜಿ, ಕಲ್ಲಿಗೆ ಬಡಿಯುತ್ತಾರೆ. ಎರಡೂ ತಪ್ಪು. ದಿನವೂ ತೊಡುವ ಕೋಟನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ತೊಳೆಯುವುದು ಒಳ್ಳೆಯದು. ಭಾನುವಾರ ಬೆಳಿಗ್ಗೆ ಮಳೆ ಹೊಳವಾದಾಗ ಮಕ್ಕಳೇ ಈ ಕೆಲಸ ಮಾಡಬಹುದು.

ಮೊದಲು ಕೊರಳಪಟ್ಟಿಯ ಬಳಿಯ ಚೀಟಿ ಓದಬೇಕು. ಜೇಬು ಬರಿದು ಮಾಡಿ, ಜಿಪ್ಪು ಎಳೆದು, ಅಂಟುಪಟ್ಟಿಗಳನ್ನು ಮುಚ್ಚಬೇಕು. ಕೆಸರಿನ ಮೇಲೆ ನೀರು ಸುರಿದು ಬಿಡಿಸಿಕೊಳ್ಳಬೇಕು. ಕೈಗೆ ಹಿತವಾದಷ್ಟು, ಎಂದರೆ 30ರಿಂದ 40 ಡಿಗ್ರಿ ಬೆಚ್ಚಗಿನ ನೀರಿಗೆ ಸ್ವಲ್ಪವೇ ದ್ರವ ಸೋಪು ಸಾಕು. ಬ್ಲೀಚ್ ಬೇಡ. ಬಟ್ಟೆಗೆ ಪರಿಮಳ, ಮೃದುತನ ಕೊಡುವ ದ್ರಾವಣವಂತೂ ಬೇಡವೇ ಬೇಡ. ಅದು ಎಳೆಗಳ ಮೇಲೆ ತನ್ನದೇ ಪದರ ಬಿಡುತ್ತದೆ. ಕೊರಳು, ಮುಂಗೈ, ಹೆಗಲನ್ನು ಮೆತ್ತನೆಯ ಬಟ್ಟೆಯಿಂದ ತಿಕ್ಕಬೇಕು. ನೊರೆ ಪೂರ್ತಿ ಹೋಗುವವರೆಗೆ ಎರಡು ಮೂರು ಸಲ ಜಾಲಿಸಬೇಕು. ಹಿಂಡಬಾರದು, ನೇತುಹಾಕಿ ನೀರು ಇಳಿಯಲು ಬಿಡಬೇಕು.

ಒಣಗಿಸುವುದೇ ಮಲೆನಾಡಿನ ದೊಡ್ಡ ಸಮಸ್ಯೆ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟುವುದು ರೂಢಿ. ಈ ಕೋಟಿಗೆ ಅದು ಆಗದು. ಹೊಗೆಯ ಮಸಿ ಅಂಟುತ್ತದೆ, ಬೆಂಕಿಯ ಝಳಕ್ಕೆ ಹೊಲಿಗೆಯ ಮೇಲಿನ ಅಂಟುಪಟ್ಟಿ ಏಳುತ್ತದೆ, ಕಿಡಿ ಬಿದ್ದರೆ ತೂತು. ಗಾಳಿಯಾಡುವ ಜಗಲಿಯೇ ಸರಿ. ಪೂರ್ತಿ ಒಣಗಿದ ಮೇಲೆ, ಚೀಟಿ ಬೇಡವೆನ್ನದಿದ್ದರೆ, ಮೇಲೊಂದು ಹತ್ತಿಬಟ್ಟೆ ಹಾಸಿ, ತೀರ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಆಡಿಸಬೇಕು. ಉಜ್ಜಾಟದಲ್ಲಿ ಮಲಗಿದ ಲೇಪದ ಅಣುಗಳು ಈ ಬಿಸಿಗೆ ಮತ್ತೆ ನೆಟ್ಟಗೆ ನಿಲ್ಲುತ್ತವೆ. ಹೆಗಲ ಮೇಲೆ ನೀರು ಚಿಮುಕಿಸಿದಾಗ ಅದು ಕೆಸುವಿನ ಎಲೆಯ ಮೇಲಿನಂತೆ ಉರುಳಿದರೆ ಗೆದ್ದಂತೆ. ಉರುಳದಿದ್ದರೆ ಅಂಗಡಿಯಲ್ಲಿ ಸಿಗುವ ನೀರು ಜಾರಿಸುವ ದ್ರವ ಅಥವಾ ಸ್ಪ್ರೇಯನ್ನು ಮತ್ತೆ ಕೊಡಬೇಕಾಗುತ್ತದೆ.

ನಿಜವಾಗಿ ಹಾಳಾದರೆ?

ಒಳಮೈ ತಿರುಗಿಸಿ ನೋಡಬೇಕು. ಲೇಪ ಬಿಳಿ ಹೊಟ್ಟಿನಂತೆ ಉದುರುತ್ತಿದ್ದರೆ, ಅಂಟಂಟಾಗಿದ್ದರೆ ಅದು ತೊಳೆದು ಸರಿಯಾಗುವ ರೋಗವಲ್ಲ. ತೇವ ಮತ್ತು ಶಾಖ ಸೇರಿ ಪಾಲಿಯುರೆಥೇನನ್ನು ಒಡೆದಿರುತ್ತವೆ. ಮಳೆಗಾಲ ಮುಗಿದೊಡನೆ ಒದ್ದೆ ಕೋಟನ್ನು ಮಡಿಸಿ, ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಅಟ್ಟಕ್ಕೆ ಹಾಕಿದ್ದರ ಫಲ ಇದು. ಬೂಷ್ಟೂ ಅಲ್ಲೇ ಹಿಡಿಯುತ್ತದೆ. ತೊಳೆದು, ಒಣಗಿಸಿ, ಗಾಳಿಯಾಡುವ ಕಡೆ ನೇತುಹಾಕಿಡುವುದೇ ಮದ್ದು.

ಹಾಳಾದ ಕೋಟನ್ನು ಬಚ್ಚಲ ಒಲೆಗೆ ಮಾತ್ರ ಹಾಕಬಾರದು. ಇಂಥ ಅನೇಕ ಕೋಟುಗಳಲ್ಲಿ ಫ್ಲೋರಿನ್ ಸಂಯುಕ್ತಗಳಿರುತ್ತವೆ. ಸುಟ್ಟಾಗ ಅವು ವಿಷಾನಿಲ ಬಿಡುತ್ತವೆ. ಹಿಂದೆ ಇಂಥ ಲೇಪಗಳ ಜೊತೆ ಬರುತ್ತಿದ್ದ ಪಿಎಫ್‌ಒಎಸ್ ಮತ್ತು ಪಿಎಫ್‌ಒಎ ಎಂಬ ರಾಸಾಯನಿಕಗಳನ್ನು, ಬೇಗ ನಾಶವಾಗದೆ ಉಳಿಯುವ ಮಾಲಿನ್ಯಕಾರಕಗಳೆಂದು, ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ 2009ರಲ್ಲಿ ಮತ್ತು 2019ರಲ್ಲಿ ಸೇರಿಸಲಾಯಿತು. ಹೊಸ ಕೋಟು ಕೊಳ್ಳುವಾಗ ಫ್ಲೋರಿನ್ ಇಲ್ಲದ ಲೇಪದ್ದನ್ನು ಕೇಳಬಹುದು. ಇದ್ದ ಕೋಟನ್ನು ಹೆಚ್ಚು ವರ್ಷ ಬಾಳಿಸುವುದು ಇನ್ನೂ ಒಳ್ಳೆಯದು.

ಅಜ್ಜನ ಕಂಬಳಿಗೂ ಇದೇ ಗುಣವಿತ್ತು. ಉಣ್ಣೆಯ ಜಿಡ್ಡು ಮಳೆಹನಿಯನ್ನು ಜಾರಿಸುತ್ತಿತ್ತು. ಉಣ್ಣೆಯ ಎಳೆ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡೂ ಮೈಗೆ ಒದ್ದೆ ಎನಿಸುತ್ತಿರಲಿಲ್ಲ. ಅಜ್ಜ ಅದನ್ನು ಕಲ್ಲಿಗೆ ಬಡಿಯುತ್ತಿರಲಿಲ್ಲ. ಕೊಡವಿ, ಗಳದ ಮೇಲೆ ಹರವುತ್ತಿದ್ದ. ಹೊಸ ಕೋಟೂ ಅಷ್ಟೇ ಅಕ್ಕರೆಯನ್ನು ಕೇಳುತ್ತದೆ. ಈ ಭಾನುವಾರ ಅರ್ಧ ಗಂಟೆ ಕೊಟ್ಟರೆ, ಸೋಮವಾರ ಮಗು ತರಗತಿಯಲ್ಲಿ ಬೆಚ್ಚಗೆ ಕೂತೀತು.